ಮುಂಡಾಸು ಬಿಚ್ಚದೆ ಹೋದ ದಿನ

ಆಗ ನಾನು ಗೂಡಲೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಎರಡು ಕೋಣೆ, ಒಂದು ಜಗಲಿ, ವಾರಕ್ಕೆ ಎರಡು ದಿನ ಬಂದು ಹೋಗುವ ಡಾಕ್ಟರು. ಉಳಿದ ಐದು ದಿನ ನಾನೇ ಡಾಕ್ಟರು. ಬಾಟಲಿಗೆ ಔಷಧ ತುಂಬಿ, ಕಾಫಿ ತೋಟದ ಕೂಲಿಗಳಿಗೆ ನಾಲಿಗೆ ಹೊರಗೆ ಹಾಕು ಎಂದು ಗದರುತ್ತಿದ್ದೆ. ಸೋಲೂರಿನ ಕಡೆಯ ನಮ್ಮ ಹಟ್ಟಿಯಿಂದ ನಾಲ್ಕಕ್ಷರ ಇಂಗ್ಲಿಷು ಕಲಿತು ಹೊರಬಂದವನು ನಾನೊಬ್ಬನೇ. ರಜೆಗೆ ಊರಿಗೆ ಹೋದಾಗಲೆಲ್ಲ ನೀರು ಕುದಿಸಿ, ಕಿಟಕಿ ತೆರೆಯಿರಿ ಎಂದು ಮನೆಮನೆಗೂ ಉಪದೇಶ ಮಾಡಿ ಬರುತ್ತಿದ್ದೆ. ನೀಲಗಿರಿಯ ನಮ್ಮ ಬಡಗರ ಹಟ್ಟಿಯಲ್ಲಿ ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ಸಾಲಾಗಿ ನಿಂತಿರುತ್ತವೆ. ಮೊದಲ ಮನೆಯಲ್ಲಿ ಶುರುಮಾಡಿದ ಉಪದೇಶ ಕೊನೆಯ ಮನೆಗೆ ನನಗಿಂತ ಮೊದಲೇ ತಲುಪಿರುತ್ತಿತ್ತು. ಹೆಂಗಸರು ಬಾಯಿಗೆ ಸೆರಗು ಅಡ್ಡ ಇಟ್ಟು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ಗೂಡಲೂರಿಗೆ ಜ್ವರ ಹೊಸದಲ್ಲ. ನಡುಗಿಸಿ, ಬೆವರಿಸಿ ಬಿಡುವ ಕಾಡುಜ್ವರ ಅಲ್ಲಿ ವರ್ಷವಿಡೀ ಇರುತ್ತಿತ್ತು. ಅದಕ್ಕೆ ಕ್ವಿನೈನ್ ಇತ್ತು. ಆದರೆ ದೊಡ್ಡ ಯುದ್ಧ ಮುಗಿಯುತ್ತಿದ್ದ ಆ ವರ್ಷ, ಮಳೆ ಹಿಂದೆ ಸರಿದ ಮೇಲೆ ಬಂದ ಜ್ವರದ ದಾರಿಯೇ ಬೇರೆ. ಮೊದಲು ಗಂಟಲು ಕೆರೆತ, ಆಮೇಲೆ ಕೆಮ್ಮು, ಮೂರನೆಯ ದಿನಕ್ಕೆ ತುಟಿ ನೀಲಿ. ಮುದುಕರು ಬದುಕಿಕೊಂಡು ಗಟ್ಟಿಮುಟ್ಟಾದವರು ಹೋಗುತ್ತಿದ್ದರು. ಡಾಕ್ಟರು ಒಂದು ಬೆಳಿಗ್ಗೆ ಜಗಲಿಯಲ್ಲಿ ಮಲಗಿದ್ದ ಹನ್ನೊಂದು ಜನರನ್ನು ನೋಡಿ, ಇದು ಉಸಿರಿನಿಂದ ಅಂಟುವುದು, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರು. ನಾನು ಬಟ್ಟೆ ಕಟ್ಟಿಕೊಂಡೆ. ಅದರ ಮೇಲೆ ದಿನಕ್ಕೊಂದು ಕ್ವಿನೈನ್ ಗುಳಿಗೆಯನ್ನೂ ನುಂಗಿದೆ. ಎರಡು ವಾರ ಅವರ ನಡುವೆಯೇ ಓಡಾಡಿದರೂ ನನಗೆ ಏನೂ ಆಗಲಿಲ್ಲ. ಕ್ವಿನೈನ್ ತಿಂದವನ ಹತ್ತಿರ ಯಾವ ಜ್ವರವೂ ಸುಳಿಯುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಇಂಥದನ್ನು ಯಾವ ಡಾಕ್ಟರೂ ನನಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಅವ್ವನಿಗೆ ಜ್ವರ, ತಕ್ಷಣ ಬಾ ಎಂದು ಅಪ್ಪ ಹೇಳಿಕಳಿಸಿದರು. ಘಟ್ಟ ಹತ್ತಲು ಸಿಕ್ಕಿದ್ದು ಕಾಫಿ ಮೂಟೆಯ ಒಂದು ಎತ್ತಿನಗಾಡಿ. ಗಾಡಿಯವನು ಮಲಯಾಳದ ಕಡೆಯವನು. ಮೊದಲ ತಿರುವಿನಲ್ಲೇ ಕೆಮ್ಮತೊಡಗಿದ. ಜ್ವರವೇ ಎಂದು ಕೇಳಿದೆ.

"ಪನಿ ಅಲ್ಲ ಸಾರೆ, ಪೊಡಿ" ಎಂದ. ಜ್ವರವಲ್ಲ, ಧೂಳು.

ನಡುವಟ್ಟದ ಹತ್ತಿರ ಮಂಜು ಇಳಿದು, ಹನಿ ಶುರುವಾಗಿ, ಧೂಳಿನ ಮಾತು ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಇಬ್ಬರಿಗೂ ಇದ್ದದ್ದು ಒಂದೇ ಕಂಬಳಿ. ಮೂಗಿನ ಬಟ್ಟೆ ನೆನೆದು ಉಸಿರುಗಟ್ಟಿಸುತ್ತಿತ್ತು, ಬಿಚ್ಚಿ ಜೇಬಿಗೆ ಹಾಕಿದೆ. ಗುಳಿಗೆ ಇದೆಯಲ್ಲ ಎಂದುಕೊಂಡು ಇನ್ನೊಂದು ನುಂಗಿದೆ.

ಮೂರನೆಯ ದಿನ ಬೆಳಿಗ್ಗೆ ಹಟ್ಟಿ ಸೇರಿದಾಗ ಅವ್ವ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಹೋಗಿಬಿಟ್ಟಿದ್ದಳು. ಅವಳನ್ನು ಮಲಗಿಸಿದ ಮಂಚ ಅಂಗಳಕ್ಕೆ ಬಂದಿತ್ತು. ಅಪ್ಪ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಅಳಲಿಲ್ಲ, ಕೆಲಸ ಹೇಳಿದರು.

"ಇತ್ತಲಾರಿಗೆ ಓಗು. ತಂಗೆಯ ಕರೆದು ತಾ. ಅವಳು ಬಾರದೆ ಅವ್ವೆಯ ಎತ್ತೊಲ್ಲೆ."

ಸಾವಿನ ಸುದ್ದಿ ಒಯ್ಯಲು ನಮ್ಮಲ್ಲಿ ಬೇರೆ ಆಳು ಇರುತ್ತಾನೆ. ಅವನೂ ಅವನ ಹೆಂಡತಿಯೂ ಕೆಮ್ಮಿ ಮಲಗಿದ್ದರು. ಹಾಗಾಗಿ ಆ ಕೆಲಸ ಮಗನ ತಲೆಗೆ ಬಂತು. ಅದಕ್ಕೆ ಒಂದು ಕಟ್ಟಳೆ ಇದೆ. ಸುದ್ದಿ ಒಯ್ಯುವವನು ಎದುರಿನ ಹಟ್ಟಿ ಕಣ್ಣಿಗೆ ಬೀಳುತ್ತಲೇ ಮುಂಡಾಸು ಬಿಚ್ಚಬೇಕು. ದಿಬ್ಬದ ಮೇಲೆ ಬರಿತಲೆಯ ಗಂಡಸು ಕಂಡರೆ ಸಾಕು, ಬಾಯಿಬಿಟ್ಟು ಹೇಳುವ ಮೊದಲೇ ಅಲ್ಲಿ ಅಳು ಏಳುತ್ತದೆ. ಅವನು ಹಟ್ಟಿಯ ಒಳಕ್ಕೆ ಬರುವುದಿಲ್ಲ. ಅಂಚಿನಲ್ಲೇ ನಿಂತು, ಯಾರು, ಯಾವಾಗ ಎಂದು ಹೇಳಿ ತಿರುಗುತ್ತಾನೆ. ಯಾರ ಮನೆಯ ನೀರನ್ನೂ ಕುಡಿಯುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ.

ನನಗೆ ಒಬ್ಬಳೇ ತಂಗಿ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ಇತ್ತಲಾರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಅವಳ ಮೊದಲ ಮಗುವಿಗೆ ಆಗ ಮೂರು ತಿಂಗಳೂ ತುಂಬಿರಲಿಲ್ಲ. ನಾನಿನ್ನೂ ಅದರ ಮುಖ ನೋಡಿರಲಿಲ್ಲ. ಹೊರಡುವ ಮುನ್ನ ಅಂಗಳದಲ್ಲಿ ಒಮ್ಮೆ ಕಣ್ಣಾಡಿಸಿದೆ. ಸಾಲಿನ ಐದು ಮನೆಗಳಿಂದ ಕೆಮ್ಮು ಕೇಳುತ್ತಿತ್ತು. ಮಂಚದ ಸುತ್ತ ಹೆಂಗಸರು ಒಬ್ಬರ ಭುಜಕ್ಕೆ ಒಬ್ಬರು ಒರಗಿ, ಹಣೆಗೆ ಹಣೆ ತಾಗಿಸಿ ಅಳುತ್ತಿದ್ದರು. ತಂಗಿ ಬಂದರೆ ಅವರ ಮಧ್ಯಕ್ಕೇ ಬರುತ್ತಾಳೆ, ಅವ್ವನ ಮುಖಕ್ಕೆ ಮುಖ ಇಡುತ್ತಾಳೆ, ಬೆನ್ನಿಗೆ ಮಗು ಕಟ್ಟಿಕೊಂಡಿರುತ್ತಾಳೆ. ಅವಳು ಬಂದರೆ ಇಬ್ಬರೂ ಉಳಿಯುವುದಿಲ್ಲ ಎಂದು ನನಗೆ ಖಚಿತವಾಯಿತು.

ಹದಿನೈದು ಮೈಲಿಗೆ ಕಡಿಮೆಯಿಲ್ಲದ ದಾರಿ. ಒದಗೆಯ ಪೇಟೆಯ ಮೂಲಕವೇ ಹೋಗಬೇಕು. ಉದಕಮಂಡಲವನ್ನು ನಮ್ಮವರು ಹಾಗೇ ಕರೆಯುವುದು. ಅವತ್ತು ಮಾರ್ಕೆಟ್ಟಿನ ಅರ್ಧ ಅಂಗಡಿಗಳು ಮುಚ್ಚಿದ್ದವು. ಕರ್ಪೂರದ ಗಂಟನ್ನು ಕೊರಳಿಗೆ ಕಟ್ಟಿಕೊಂಡ ಜನ ಗೋಡೆ ಸವರಿಕೊಂಡು ನಡೆಯುತ್ತಿದ್ದರು. ಬೀದಿಯ ಮೂಲೆಯಲ್ಲಿ ಯಾರೋ ನೀಲಗಿರಿ ಸೊಪ್ಪು ಸುಡುತ್ತಿದ್ದರು. ಆ ಹೊಗೆಯಲ್ಲಿ ನನಗೆ ಒಮ್ಮೆ ಕೆಮ್ಮು ಬಂತು. ಎದುರು ಬರುತ್ತಿದ್ದ ಹೆಂಗಸು ಸರಕ್ಕನೆ ರಸ್ತೆಯ ಆಚೆ ಬದಿಗೆ ಹೋದಳು. ಹೊಗೆಗೆ ಕೆಮ್ಮಿದರೂ ಜನ ಹೀಗೆ ಹೆದರುತ್ತಾರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪೇಟೆ ದಾಟಿ ಕುಂದೆಯ ಕಡೆಯ ದಾರಿ ಹಿಡಿದಾಗ ಉಪಾಯ ಹೊಳೆಯಿತು. ಅವ್ವ ಸತ್ತಳೆಂದು ಹೇಳುವುದೇ ಬೇಡ. ಸತ್ತಳೆಂದು ತಿಳಿದ ಮೇಲೆ ಮಗಳನ್ನು ಯಾವ ಮಾತೂ ತಡೆಯುವುದಿಲ್ಲ. ಹೀಗೇ ಬಂದೆ, ನಮ್ಮ ಕಡೆ ಜ್ವರವಿದೆ, ಒಂದು ತಿಂಗಳು ತವರಿಗೆ ಬರಬೇಡ ಎಂದಷ್ಟೇ ಹೇಳಿ ಮರಳಿಬಿಡುವುದು. ಅಪ್ಪನಿಗೆ, ಅವಳಿಗೇ ಮೈ ಸರಿಯಿಲ್ಲ ಎನ್ನುವುದು. ಅಪ್ಪನ ಶಾಪ, ತಂಗಿಯ ಶಾಪ ಎರಡನ್ನೂ ನಾನೇ ಹೊರುತ್ತೇನೆ, ಮಗು ಉಳಿಯುತ್ತದಲ್ಲ. ನನ್ನ ತ್ಯಾಗಕ್ಕೆ ನನಗೇ ಕಣ್ಣೀರು ಬಂತು. ಆ ವಯಸ್ಸಿನಲ್ಲಿ ನನ್ನ ಮೇಲೆ ನನಗೆ ಅಷ್ಟು ಮೆಚ್ಚುಗೆ.

ಇತ್ತಲಾರಿನ ಮನೆಗಳು ದಿಬ್ಬದ ಮೇಲಿನಿಂದ ಕಂಡಾಗ ಕೈ ತಾನಾಗಿ ತಲೆಗೆ ಹೋಯಿತು. ಹುಟ್ಟಿದಾಗಿನಿಂದ ನೋಡಿದ ಕಟ್ಟಳೆ, ಬೆರಳಿಗೇ ಗೊತ್ತಿತ್ತು. ಮುಂಡಾಸಿನ ತುದಿ ಸಡಿಲವಾಗಿತ್ತು. ಅದನ್ನು ಬಿಚ್ಚದೆ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡು ಇಳಿದೆ.

ನನ್ನ ಲೆಕ್ಕ ತಪ್ಪಿದ್ದು ಅಲ್ಲಿಂದ. ಹಟ್ಟಿಯ ಅಂಚಿನಲ್ಲೇ ನಿಂತು ಮಾತಾಡಿ ತಿರುಗುವುದೆಂದುಕೊಂಡಿದ್ದೆ. ಆದರೆ ಬರಿತಲೆಯವನು ಮಾತ್ರ ಅಂಚಿನಲ್ಲಿ ನಿಲ್ಲಬಹುದು. ಮುಂಡಾಸು ಕಟ್ಟಿಕೊಂಡು ಬಂದ ಅಣ್ಣ ನೆಂಟ. ಅವನು ಹೊರಗೆ ನಿಂತರೆ ಮನೆಗೆ ಅವಮಾನ. ಆಲೂಗಡ್ಡೆ ಹೊಲದಲ್ಲಿದ್ದ ಯಾರೋ ನನ್ನ ಗುರುತು ಹಿಡಿದು ಕೂಗಿದರು. ತಂಗಿಯ ಅತ್ತೆ ಅಂಗಳಕ್ಕೆ ಓಡಿ ಬಂದರು.

"ಬಾ ಅಪ್ಪಾ, ಬಾ. ಅಲ್ಲಿಯೇ ಏನ ನಿಂತೆ? ಒಳಗ ಬಾ."

"ಇಲ್ಲೆ ಮಾಮಿ, ಬೇಗ ಓಗೋಕು. ಇಲ್ಲಿಂದಲೇ ಎರಡು ಮಾತು..."

ಅವರ ಮುಖದ ಬಣ್ಣ ಬದಲಾಯಿತು. ನನ್ನ ತಲೆಯನ್ನು ಒಮ್ಮೆ, ಕಾಲನ್ನು ಒಮ್ಮೆ ನೋಡಿದರು.

"ಏನ ಆತು? ಯಾರಿಗ ಏನ ಆತು?"

ಇನ್ನು ಒಂದು ನಿಮಿಷ ಅಲ್ಲಿ ನಿಂತರೆ ಗುಟ್ಟು ರಟ್ಟಾಗುತ್ತಿತ್ತು. ನಕ್ಕೆ. ಹೇಗೆ ನಕ್ಕೆನೋ ದೇವರಿಗೇ ಗೊತ್ತು. ಏನೂ ಇಲ್ಲ ಮಾಮಿ ಎಂದು ಅವರ ಹಿಂದೆ ಒಳಗೆ ನಡೆದೆ.

ಕಿಟಕಿಯಿಲ್ಲದ ಮನೆ, ಒಲೆಯ ಹೊಗೆ. ತಂಗಿ ಒಲೆಯ ಹತ್ತಿರ ಮಗುವಿಗೆ ಹಾಲೂಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದಳು.

"ಅಣ್ಣಾ! ಅವ್ವೆ ಒಳ್ಳಂಗೆ ಇದ್ದಾಳೆಯಾ?"

"ಒಳ್ಳಂಗೆ ಇದ್ದಾಳೆ" ಎಂದೆ.

ಹಾಲು ಬಂತು, ಕುಡಿದೆ. ಸಾಮೆ ಅನ್ನ ಬಂತು, ಅದು ಗಂಟಲಲ್ಲಿ ಇಳಿಯಲಿಲ್ಲ. ಗಂಟಲು ಕೆರೆಯುತ್ತಿತ್ತು. ದುಃಖ ನುಂಗಿದ್ದಕ್ಕೆ ಹೀಗಾಗಿದೆ ಎಂದುಕೊಂಡೆ. ಕೆಮ್ಮು ಬಂದಾಗ ಮುಖ ತಿರುಗಿಸಿದೆ. ಒಲೆಯ ಹೊಗೆ ಎಂದೆ. ಕಾಲಿಗೆ ನೋವು ಹತ್ತಿತ್ತು, ನಡೆದದ್ದಕ್ಕೆ ಎಂದುಕೊಂಡೆ. ಗೂಡಲೂರಿನ ಜಗಲಿಯಲ್ಲಿ ಯಾರಾದರೂ ಬಂದು ಗಂಟಲು ಕೆರೆತ, ಕಾಲುನೋವು ಎಂದಿದ್ದರೆ ಮುಂದಿನ ಮಾತು ಕೇಳದೆ ಮೂಲೆಯ ಚಾಪೆ ತೋರಿಸುತ್ತಿದ್ದೆ.

ಜ್ವರದ ವಿಷಯ ಹೇಳಿದೆ, ಒಂದು ತಿಂಗಳು ಬರಬೇಡ ಎಂದೆ. ಆಗಲಿ ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಎದ್ದೆ. ಅಷ್ಟರಲ್ಲಿ ಅತ್ತೆ, "ಕೂಸಿಗ ಕೈ ಇಡದೆ ಓಗೋದಾ?" ಎಂದರು.

ನಮ್ಮಲ್ಲಿ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯರು ಅದರ ಮೇಲೆ ಕೈಯಿಟ್ಟು ಹರಸುತ್ತಾರೆ. ಮೊದಲ ಸಲ ಮಗುವನ್ನು ಕಾಣುವ ಸೋದರಮಾವ ಹರಸದೆ ಹೊರಟರೆ ಅದು ಕೇಡು ಬಯಸಿದ ಹಾಗೆ. ತಂಗಿ ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟೇಬಿಟ್ಟಳು. ಹೆಣ್ಣುಮಗು. ಹಾಲಿನ ವಾಸನೆ, ಬೆಚ್ಚಗಿನ ನೆತ್ತಿ. ಹರಸುವಾಗ ಒಂದೇ ಮಾತಿಗೆ ನಿಲ್ಲಿಸುವಂತಿಲ್ಲ. ಬಾಳು, ಬೆಳೆ, ಒಂದು ನೂರಾಗಲಿ ಎಂದು ಉದ್ದಕ್ಕೂ ಹೇಳಬೇಕು, ಮುಖದ ಹತ್ತಿರ ಬಾಗಿ ಹೇಳಬೇಕು. ಹೇಳಿದೆ. ನಡುವೆ ಒಮ್ಮೆ ಕೆಮ್ಮಿದೆ. ಮಗು ಬೆಚ್ಚಿ, ಕಣ್ಣು ಪಿಳಿಪಿಳಿ ಮಾಡಿ, ನನ್ನ ಬೆರಳು ಹಿಡಿದುಕೊಂಡಿತು. ಹೊರಡುವಾಗ ತಂಗಿ ಅವ್ವನ ಕಾಲಿನ ಒಡಕಿಗೆಂದು ಎಲೆಯಲ್ಲಿ ಬೆಣ್ಣೆ ಕಟ್ಟಿಕೊಟ್ಟಳು. ದಿಬ್ಬದ ಆಚೆ ಅದನ್ನು ಎಸೆಯಲೂ ಆಗಲಿಲ್ಲ, ಹಿಡಿದುಕೊಂಡು ನಡೆಯಲೂ ಆಗಲಿಲ್ಲ. ದಾರಿಯ ಬದಿಯಲ್ಲಿ ಕುಳಿತು ಗಟ್ಟಿಯಾಗಿ ಅತ್ತೆ.

ಹಟ್ಟಿಗೆ ಹೇಗೆ ತಲುಪಿದೆನೋ ಸರಿಯಾಗಿ ನೆನಪಿಲ್ಲ. ಅಪ್ಪನಿಗೆ ಸುಳ್ಳು ಹೇಳಿದೆ, ಅವಳಿಗೆ ಮೈ ಕಾದಿದೆ, ಬರುವಂತಿಲ್ಲ ಎಂದೆ. ಅಪ್ಪ ತಲೆಯಾಡಿಸಿದರು. ಮರುದಿನ ಅವ್ವನನ್ನು ಎತ್ತುವಾಗ ನನಗೆ ನಿಲ್ಲುವ ಶಕ್ತಿ ಇರಲಿಲ್ಲ. ಇಬ್ಬರು ನನ್ನ ತೋಳು ಹಿಡಿದಿದ್ದರು. ಆಮೇಲೆ ಹತ್ತು ದಿನ ಚಾಪೆಯ ಮೇಲೆ. ಎದೆಯಲ್ಲಿ ಉಸಿರು ಗೊರಗೊರ ಎನ್ನುವುದನ್ನು ಕೇಳುತ್ತ ಮಲಗಿದ್ದಾಗ ಎಲ್ಲ ಅರ್ಥವಾಯಿತು: ಗಾಡಿಯವನ ಕಂಬಳಿ, ಪೇಟೆಯಲ್ಲಿ ಬಂದ ಕೆಮ್ಮು, ಒಲೆಯ ಹೊಗೆ. ಸಾವು ಬರಲಿ ಎಂದು ಮಲಗಿದೆ, ಬರಲಿಲ್ಲ. ಮಗು ನಾನು ಹರಸಿದ ಎಂಟನೆಯ ದಿನ ಹೋಯಿತು ಎಂದು ನಾನು ಎದ್ದು ಕುಳಿತ ಮೇಲೆ ಹೇಳಿದರು. ತಂಗಿಗೂ ಬಂದಿತ್ತಂತೆ, ಉಳಿದುಕೊಂಡಳು. ಇತ್ತಲಾರಿನ ಆ ಸಾಲಿನಲ್ಲಿ ಅದಕ್ಕೆ ಮೊದಲು ಯಾರೂ ಕೆಮ್ಮಿರಲಿಲ್ಲ.

ಎರಡು ತಿಂಗಳ ಮೇಲೆ ಅವಳು ತವರಿಗೆ ಬಂದಳು. ಅವ್ವ ಇಲ್ಲವೆಂದು ಅಷ್ಟರಲ್ಲಿ ಬೇರೆ ಯಾರಿಂದಲೋ ತಿಳಿದಿತ್ತು. ಬರಿಗೈಯಲ್ಲಿ ಬಂದು ಅಂಗಳದ ಕಲ್ಲಿನ ಮೇಲೆ ನನ್ನ ಎದುರು ಕುಳಿತಳು. ಬಯ್ಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನೀ ಬಂದ ದಿನ ಅವ್ವೆ ಮಂಚದ ಮೇಲೆ ಇದ್ದಳಾ?"

"ಇದ್ದಳು."

"ನಿನಗ ಆಗಲೇ ಕೆಮ್ಮಲು ಇತ್ತಾ?"

ಹೊಗೆ ಎನ್ನಬಹುದಿತ್ತು. ಅವಳಿಗೆ ಹೇಳಲು ಇನ್ನೊಂದು ಸುಳ್ಳು ನನ್ನಲ್ಲಿ ಉಳಿದಿರಲಿಲ್ಲ.

"ಇತ್ತು" ಎಂದೆ.

ಅವ್ವ ಒಣಗಿಸಿ ಇಟ್ಟಿದ್ದ ಸಾಮೆ ಹುಲ್ಲಿನ ಒಂದು ಎಳೆಯನ್ನು ಎಳೆದುಕೊಂಡಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ದಿಬ್ಬದ ಮೇಲೆ ನಿಂತು, ಅವ್ವೆ ಓಗಿಬಿಟ್ಟಳು, ಆದರೂ ನೀ ಬರಬೇಡ ಅಂದಿದ್ದರೆ ನಾ ಬಾರದೆ ಇರುತ್ತಿದ್ದೆ ಅಣ್ಣಾ. ಅತ್ತುಕೊಂಡು ಅಲ್ಲೇ ಇರುತ್ತಿದ್ದೆ. ನೀ ಹೇಳಿದ ಮಾತ ನಾ ಯಾವಾಗ ಮೀರಿದೆ?"

ಮೀರಿರಲಿಲ್ಲ. ಕೆರೆಯ ಹತ್ತಿರ ಹೋಗಬೇಡ ಎಂದರೆ ಹೋಗುತ್ತಿರಲಿಲ್ಲ. ಈ ಗಂಡನ್ನು ಒಪ್ಪಿಕೋ ಎಂದಾಗ ಒಪ್ಪಿಕೊಂಡಳು. ಒಂದು ತಿಂಗಳು ಬರಬೇಡ ಎಂದಾಗ ಕಾರಣವನ್ನೂ ಸರಿಯಾಗಿ ಕೇಳದೆ ಆಗಲಿ ಎಂದಳು. ಎಲ್ಲ ನನಗೆ ಗೊತ್ತಿದ್ದದ್ದೇ. ಹದಿನೈದು ಮೈಲಿ ನಡೆಯುತ್ತ ಏನೇನೋ ಯೋಚಿಸಿದ ನಾನು, ಅದೊಂದನ್ನು ಯೋಚಿಸಿರಲಿಲ್ಲ.