ದುಂಡು ಹಿಡಿಯುವ ರುದ್ರೇಶ

ಕಬ್ಬಿಣ ಮಾತಾಡುತ್ತದೆ ಎಂದರೆ ಯಾರೂ ನಂಬಲಾರರು. ಆದರೆ ಭದ್ರಾವತಿಯ ರುದ್ರೇಶ ಕೇಳಿದ್ದಕ್ಕಂತೂ ಅದು ಸುಳ್ಳು ಹೇಳುತ್ತಿರಲಿಲ್ಲ. ಮಾಚೇನಹಳ್ಳಿಯಲ್ಲಿ ಷಣ್ಮುಖಪ್ಪನವರ ವರ್ಕ್‌ಶಾಪು. ಅಲ್ಲಿ ಎರಕದ ರಿಂಗುಗಳನ್ನು ಹಗ್ಗಕ್ಕೆ ತೂಗುಹಾಕಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುವುದೇ ಮೂವತ್ತು ವರ್ಷ ಅವನ ಕೆಲಸ. ರಿಂಗು ದುಂಡಗಿದ್ದರೆ ಒಂದೇ ದನಿ. ಒಂದು ಕಡೆಗೆ ಕೂದಲೆಳೆಯಷ್ಟು ಉದ್ದವಾಗಿದ್ದರೂ ಎರಡು ದನಿ ಎದ್ದು, ಒಂದರ ಮೇಲೊಂದು ಬಿದ್ದು, ಊಂ... ಊಂ... ಎಂದು ಏರಿಳಿಯುತ್ತಿದ್ದವು. ಉಳಿದವರು ಅಳತೆಪಟ್ಟಿ ಹುಡುಕುವಷ್ಟರಲ್ಲಿ ಇವನು "ದುಂಡು ಕೆಟ್ಟಿದೆ, ಪಕ್ಕಕ್ಕಿಡ್ರಿ" ಎಂದಾಗಿರುತ್ತಿತ್ತು.

ಆ ಗದ್ದಲದಲ್ಲಿ ಕಿವಿ ಎಷ್ಟು ದಿನ ತಾಳೀತು? ಹೋದ ವರ್ಷ ಕೈಕೊಟ್ಟಿತು. ಕಿವಿಗೆ ಮೆಷಿನ್ ಹಾಕಿಕೊಂಡರೆ ಮಾತು ತಿಳಿಯುತ್ತಿತ್ತು, ರಿಂಗಿನ ದನಿ ಮಾತ್ರ ಇಲ್ಲ. ಷಣ್ಮುಖಪ್ಪನವರು ಬೇಡವೆನ್ನಲಿಲ್ಲ; ಇವನೇ ನಾಚಿಕೊಂಡು ಮನೆಯಲ್ಲಿ ಕುಳಿತ. ಕಲಿತ ವಿದ್ಯೆಯೆಲ್ಲ ಕಿವಿಯ ಜೊತೆಗೇ ಹೋಯಿತೆಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಭಾನುವಾರ ಷಣ್ಮುಖಪ್ಪನವರ ಮಗಳು ಅಕ್ಷರಾ ಅವನನ್ನು ಗೋಪಾಳ ಬಡಾವಣೆಯ ತಮ್ಮ ಮನೆಗೆ ಕರೆಸಿದಳು. ಚಿನ್ನದ ಅತಿಸಣ್ಣ ಕಣಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ. ಮುಂದೆ ಎರಡು ತೆಳು ಹಾಳೆ, ಒಂದು ಬೂದುಗಾಜು ಇಟ್ಟಳು.

"ಮಾಮ, ಎರಡರಲ್ಲೂ ಚಿನ್ನಾನೇ ಇರೋದು, ಕಣ್ಣಿಗೆ ಕಾಣದಷ್ಟು ಸಣ್ಣದು. ಈ ಗಾಜು ಒಂದೇ ದಿಕ್ಕಿಗೆ ತೂಗೋ ಬೆಳಕನ್ನ ಮಾತ್ರ ಒಳಗೆ ಬಿಡುತ್ತೆ. ಹಾಳೆನ ಬೆಳಕಿಗೆ ಹಿಡಿದು, ಇದನ್ನ ಮೇಲಿಟ್ಟು ತಿರುಗಿಸಿ ನೋಡಿ."

ಮೊದಲನೆಯದು ಹೇಗೆ ತಿರುಗಿಸಿದರೂ ಕೆಂಪೇ. ಎರಡನೆಯದು ಒಮ್ಮೆ ಹಸಿರು, ಕಾಲುಸುತ್ತು ತಿರುಗಿಸಿದರೆ ಕೆಂಪು. ರುದ್ರೇಶನ ಕೈ ನಿಂತಿತು.

"ಪುಟ್ಟೀ, ಇದರ ದುಂಡು ಕೆಟ್ಟಿದೆ!"

"ಹೌದು ಮಾಮ! ಅದ್ರಲ್ಲಿರೋದು ಕಡ್ಡಿ ಥರ ಉದ್ದದ ಕಣಗಳು, ಎಲ್ಲಾ ಒಂದೇ ದಿಕ್ಕಿಗೆ ಮಲಗಿವೆ. ಬೆಳಕು ಉದ್ದಕ್ಕೆ ತೂಗಿದ್ರೆ ಒಂದು ಬಣ್ಣ, ಅಡ್ಡಕ್ಕೆ ತೂಗಿದ್ರೆ ಇನ್ನೊಂದು. ದುಂಡಗಿರೋದಕ್ಕೆ ಹೇಗಾದ್ರೂ ಒಂದೇ. ಮೇಷ್ಟ್ರು ಇದನ್ನ ಪಾಠ ಮಾಡಿದಾಗ ನಂಗೆ ಆಗ್ಲೇ ಗೊತ್ತಿತ್ತು. ಆರನೇ ಕ್ಲಾಸಲ್ಲಿ ನನ್ನ ಕೈಗೆ ಸುತ್ತಿಗೆ ಕೊಟ್ಟು ಕೇಳಿಸಿದ್ದು ನೀವೇ ಅಲ್ವಾ?"

ರುದ್ರೇಶ ಟವೆಲಿನಿಂದ ಕಣ್ಣೊರೆಸಿಕೊಂಡ. ಮನೆಗೆ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ: ಕಿವಿಯ ವಿದ್ಯೆ ಕಣ್ಣಿಗೆ ಸಿಗುವುದಾದರೆ ಕೈಗೇಕೆ ಸಿಗಬಾರದು?

ಸೋಮವಾರ ವರ್ಕ್‌ಶಾಪಿಗೆ ಹೋದವನೇ ರಿಂಗೊಂದನ್ನು ತೂಗುಹಾಕಿ, ಹಗ್ಗದ ಮೇಲೆ ಎರಡು ಬೆರಳಿಟ್ಟು, ಪೆಟ್ಟು ಕೊಟ್ಟ. ನಡುಕ ಒಂದೇ ಸಮನೆ ಇಳಿದುಹೋಯಿತು. ಎರಡನೆಯದೂ ಹಾಗೇ. ಮೂರನೆಯದು ಮಿಡಿಯಿತು, ತಡೆಯಿತು, ಮತ್ತೆ ಮಿಡಿಯಿತು.

"ದುಂಡು ಕೆಟ್ಟಿದೆ."

ಷಣ್ಮುಖಪ್ಪನವರು ಸ್ವತಃ ಅಳೆದು ನೋಡಿದರು. ಕೆಟ್ಟಿತ್ತು. "ನಾಳೆ ಎಂಟಕ್ಕೇ ಬಾ ಮಾರಾಯ" ಎಂದರು.

ರುದ್ರೇಶ ಹೊರಗೆ ಬಂದು ಅಕ್ಷರಾಳಿಗೆ ಫೋನ್ ಮಾಡಿದ. "ನಾನು ಕೊಟ್ಟಿದ್ದನ್ನ ಇಷ್ಟು ವರ್ಷ ಜೋಪಾನ ಮಾಡಿ, ನಂಗೇ ಬೇಕಾದಾಗ ವಾಪಸ್ ಕೊಟ್ಟೆಯಲ್ಲ ಮಾರಾಯ್ತಿ" ಎಂದ. ಅವಳು ಏನು ಹೇಳಿದಳೋ, ಒಳಗಿನ ಯಂತ್ರಗಳ ಸದ್ದಿನಲ್ಲಿ ಅವನಿಗೆ ತಿಳಿಯಲಿಲ್ಲ. ದನಿ ತಡೆತಡೆದು ಬರುತ್ತಿದ್ದುದರಿಂದ ಅಳುತ್ತಿದ್ದಾಳೆಂದು ಮಾತ್ರ ಗೊತ್ತಾಯಿತು.