ಉಪವಾಸಕ್ಕೆ ನಡೆಯುವ ಪುಡಿ

ಗೆಳೆಯರೇ, ಇವತ್ತು ಡಾಕ್ಟರು ಪೇಶಂಟಿನ ಸ್ಟೂಲಿನಿಂದ ನನ್ನನ್ನು ಎಬ್ಬಿಸಿ ಅಲ್ಲಿ ನಮ್ಮವ್ವನನ್ನು ಕೂರಿಸಿದರು.

ನ್ಯುಮೋನಿಯಾದಿಂದ ಎದ್ದಿರುವ ನನ್ನ ತಪಾಸಣೆಗೆಂದು ಇಬ್ಬರೂ ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗಿದ್ದೆವು. ಶಕ್ತಿ ಬರಲೆಂದು ಅವರು ಬರೆದುಕೊಟ್ಟಿದ್ದ ಪ್ರೊಟೀನ್ ಪುಡಿಯನ್ನು ಅವ್ವ ದಿನಾ ಹಾಲಿನಲ್ಲಿ ಕಲಸಿ, ಲೋಟ ಖಾಲಿಯಾಗುವವರೆಗೂ ನನ್ನೆದುರೇ ನಿಲ್ಲುತ್ತಾಳೆ. ನನ್ನ ಗಲ್ಲ ತುಂಬಿಕೊಂಡಿದೆ. ಡಾಕ್ಟರು ಅವಳ ಕೈ ಎತ್ತಿದರೆ ಬಳೆಗಳು ಮೊಣಕೈತನಕ ಜಾರಿದವು.

"ಮಾವಶಿ, ಊಟ ಮಾಡ್ತೀರಿಲ್ಲೋ?" ಮರಾಠಿ ರೂಢಿಯಂತೆ ಚಿಕ್ಕಮ್ಮನೆಂದು ಕರೆದು ಕೇಳಿದರು.

"ಮಾಡ್ತೀನ್ರಿ. ಸೋಮವಾರ, ಗುರುವಾರ ಅಷ್ಟ ಉಪವಾಸ. ಇಂವಾ ಆರಾಮ ಆಗ್ಲಿ ಅಂತ ಹಿಡದೀನಿ."

"ಆರಾಮ ಆಗ್ಯಾನಲ್ರೀ!"

"ಬಿಟ್ರ ಮತ್ತ ತಿರುಗಿ ಬಂದೀತ್ರಿ."

ಡಾಕ್ಟರು ಅವಳ ಹೆಸರಿಗೂ ಅದೇ ಪುಡಿ ಬರೆದರು. ಅವ್ವ ಚೀಟಿ ಹಿಡಿದು ಕೇಳಿದಳು, "ಇದು ಉಪವಾಸಕ್ಕ ನಡೀತದೇನ್ರಿ?"

"ಮಾವಶಿ, ಮೊದಲ ಉಪವಾಸ ಬಂದ್ ಮಾಡ್ರಿ."

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ನನ್ನ ಉಳಿಸಾಕ ಹೋಗಿ ನೀನ ಬಿದ್ರ ಏನ್ ಮಾಡ್ಲಿ ನಾ?" ಎಂದು ಎಲ್ಲರಿಗೂ ಕೇಳುವಂತೆ ರೇಗಿದೆ. ಅವ್ವ ನನ್ನ ಮೊಣಕಾಲು ತಟ್ಟಿ, "ಆಯ್ತಪ್ಪ, ಕುಡೀತೀನಿ. ಸಿಟ್ಟಾಗಬ್ಯಾಡ. ಅದು ನನಗ ಒಗ್ಗಲಿ ಅಂತ ಶನಿವಾರನೂ ಹಿಡೀತೀನಿ" ಎಂದಳು.

ಇದನ್ನು ಬಸ್ಸಿನಿಂದಲೇ ಬರೆಯುತ್ತಿದ್ದೇನೆ. ಅವಳಿಗೆಂದು ಕೊಂಡ ಪುಡಿಯ ಡಬ್ಬಿ ನನ್ನ ತೊಡೆಯ ಮೇಲಿದೆ. ಅದನ್ನು ಕುಡಿಯಲು ಅವಳಿಗಿನ್ನು ಯಾವ್ಯಾವ ವಾರ ಉಳಿದಿವೆ ಎಂದು ಬೆರಳು ಮಡಚಿ ಎಣಿಸುತ್ತಿದ್ದೇನೆ.