ಎರಡು ಕುರ್ಚಿಯಾಚೆಯ ಯೋಧ

ಡೊಂಬಿವಲಿ ಸ್ಟೇಷನ್ ಪಕ್ಕದ ಸೈಬರ್ ಕೆಫೆಯಲ್ಲಿ ಆನ್‌ಲೈನ್ ಆಟ ಆಡುವಾಗ ನಾನು ಯಾವಾಗಲೂ ಬೇಟೆಗಾರ. ಬೇಟೆಗಾರ ಶತ್ರುವನ್ನು ಹತ್ತಿರ ಬಿಟ್ಟುಕೊಳ್ಳಬಾರದು. ಸಾಕಿದ ತೋಳವನ್ನು ಛೂ ಬಿಟ್ಟು, ನೆಲದಲ್ಲಿ ಬಲೆ ಹಾಸಿ, ಹಿಂದೆ ಸರಿಯುತ್ತಲೇ ಬಾಣ ಬಿಡಬೇಕು. ಇದನ್ನು ಹೇಡಿತನ ಎನ್ನುವವರು ಒಮ್ಮೆ ಆಡಿ ನೋಡಲಿ.

ಆ ಸಂಜೆ ನನಗೆ ಎದುರಾದದ್ದು ಕತ್ತಿ ಹಿಡಿದ ಯೋಧ. ಅವನನ್ನು ಆಡಿಸುತ್ತಿದ್ದವನು ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ದಾಂಡಿಗ. ನನ್ನಿಂದ ಎರಡು ಕುರ್ಚಿ ಆಚೆ ಕೂತಿದ್ದ. ಯೋಧನ ಕಾಲು ಬಲೆಗೆ ಸಿಕ್ಕಿತು. ತೋಳ ಅವನ ತೊಡೆ ಹರಿದುಹಾಕಿತು, ಬಾಣಗಳು ಎದೆಗೆ ನಾಟಿದವು. ಅವನ ಕತ್ತಿ ಬರೀ ಗಾಳಿಯನ್ನು ಸೀಳುತ್ತಿತ್ತು.

"ದೂರ ನಿಂತು ಎಂತ ಹೊಡಿಯುದು ಮಾರಾಯ? ದಮ್ ಇದ್ರೆ ಹತ್ರ ಬಾ," ಎಂದು ದಾಂಡಿಗ ಗುರುಗುಟ್ಟಿದ.

"ಬರುದಿಲ್ಲ," ಎಂದೆ.

ಅವನು ಕುರ್ಚಿ ಒದ್ದು ಎದ್ದುಬಂದು ನನ್ನ ಮುಖಕ್ಕೆ ಗುದ್ದಿದ. ತುಟಿ ಒಡೆದು ರಕ್ತ ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ಮತ್ತೆ ಎರಡೂ ಕೈಯಿಂದ ನನ್ನ ಕೊರಳು ಹಿಚುಕಿದ. ಪರದೆಯಲ್ಲಿ ಅವನ ಯೋಧ ಆಡಿಸುವವರಿಲ್ಲದೆ ಸುಮ್ಮನೆ ನಿಂತಿದ್ದ. ಉಸಿರು ಸಿಕ್ಕಿಹಾಕಿಕೊಂಡಿದ್ದರೂ ನನ್ನ ಬೆರಳು ಕೀಬೋರ್ಡ್ ಬಿಟ್ಟಿರಲಿಲ್ಲ. ಒಂದರ ಹಿಂದೊಂದು ಬಾಣ ಬಿಟ್ಟೆ.

ದಾಂಡಿಗ ತಿರುಗಿ ನೋಡುವಷ್ಟರಲ್ಲಿ ಅವನ ಯೋಧನ ಹೆಣವನ್ನು ನನ್ನ ತೋಳ ಮೂಸುತ್ತಿತ್ತು.